ಪ್ಲೇಟಲ್ಲಿ ನೇರಳೆ ಬಣ್ಣ ಬಂದ್ರೆ, ಅದನ್ನ ತಂದಿದ್ದು ಯಾರು ಅಂತ ಮೊದಲು ಕೇಳಿ

ನಮ್ಮ ಬಯೋಕೆಮಿಸ್ಟ್ರಿ ಲ್ಯಾಬ್‌ಗೆ ಹೊಸದಾಗಿ ಸೇರೋ ಪಿಎಚ್‌ಡಿ ಮಕ್ಕಳಿಗೆ ನಾನು ಶುರುವಲ್ಲೇ ಹೇಳೋ ಮಾತು ಒಂದೇ, ರೀಡಿಂಗ್ ಬರ್ಕೊಳ್ಳೋ ಮುಂಚೆ ಈ ಬಣ್ಣ ಇನ್ಯಾವ್ಯಾವುದರಿಂದ ಬರಬಹುದು ಅಂತ ಯೋಚಿಸಿ. ನಾವು ಗಿಡದ ರಸದಿಂದ ಬೆಳ್ಳಿ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ) ಮಾಡ್ತೀವಿ, ಅದು ಕ್ಯಾನ್ಸರ್ ಸೆಲ್ಸ್ ಮೇಲೆ ಏನು ಮಾಡುತ್ತೆ ಅಂತ ನೋಡ್ತೀವಿ, ಜೊತೆಗೆ ಆ ಕಣಕ್ಕೆ ಗಿಡದ ಯಾವ ಪ್ರೋಟೀನ್ ಅಂಟ್ಕೊಂಡಿದೆ ಅಂತ ಪತ್ತೆ ಹಚ್ತೀವಿ. ಎರಡು ಕಡೆನೂ ಉತ್ತರ ಸಿಗೋದು ಬಣ್ಣದಿಂದ, ಎರಡು ಕಡೆನೂ ದಾರಿ ತಪ್ಪಿಸೋದು ಗಿಡದಲ್ಲಿರೋ, ಚಹಾಕ್ಕೆ ಒಗರು ಕೊಡೋಂಥ ಪಾಲಿಫಿನಾಲ್‌ಗಳು.

ಕಣ ಮಾಡೋದು ಸುಲಭ. ನುಗ್ಗೆ ಸೊಪ್ಪಿನ ರಸಕ್ಕೆ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಹಾಕಿಟ್ರೆ ತಿಳಿ ಹಳದಿ ಇದ್ದಿದ್ದು ಕಂದು ಬಣ್ಣಕ್ಕೆ ತಿರುಗುತ್ತೆ, 400ರಿಂದ 450 ನ್ಯಾನೋಮೀಟರ್ ಮಧ್ಯೆ ಬೆಳಕು ಹೀರೋ ಪೀಕ್ ಬರುತ್ತೆ, ಕಣ ಆಗಿದೆ ಅನ್ನೋಕೆ ಅದೇ ಗುರುತು. ಕಷ್ಟ ಇರೋದು ಆಮೇಲೆ.

ಸಣ್ಣ ಸಣ್ಣ ಗುಳಿ (ವೆಲ್) ಇರೋ ಪ್ಲೇಟಲ್ಲಿ ಬೆಳೆಸಿದ ಸೆಲ್ಸ್ ಬದುಕಿವೆಯಾ ಸತ್ತಿವೆಯಾ ಅಂತ ನೋಡೋಕೆ ಎಲ್ಲರೂ ಹಿಡಿಯೋದು 1983ರಲ್ಲಿ ಬಂದ ಎಂಟಿಟಿ ಪರೀಕ್ಷೆ. ಹಳದಿ ಎಂಟಿಟಿ ಹಾಕಿದ್ರೆ ಬದುಕಿರೋ ಸೆಲ್ ಅದನ್ನ ನೇರಳೆ ಫಾರ್ಮಜಾನ್ ಮಾಡುತ್ತೆ, ಡಿಎಂಎಸ್‌ಓದಲ್ಲಿ ಕರಗಿಸಿ 570 ನ್ಯಾನೋಮೀಟರ್ ಬೆಳಕಲ್ಲಿ ಓದೋದು, ನೇರಳೆ ಜಾಸ್ತಿ ಇದ್ರೆ ಬದುಕಿರೋ ಸೆಲ್ ಜಾಸ್ತಿ ಅಂತ ಲೆಕ್ಕ. ಒಂದ್ಸಲ ಒಬ್ಬ ಹುಡುಗಿ ಬಂದು, ಮೇಡಂ, ಡೋಸ್ ಏರಿಸ್ತಾ ಹೋದ್ರೆ ಸೆಲ್ಸ್ ಸಾಯ್ತಿವೆ, ಆದ್ರೆ ಕೊನೇ ಡೋಸಲ್ಲಿ ವಾಪಸ್ ಬದುಕ್ತಿವೆ ಅಂದ್ಲು. ಬಾಮ್ಮ ನೋಡೋಣ ಅಂತ ಅದೇ ಡೋಸಿನ ಇನ್ನೊಂದು ಪ್ಲೇಟನ್ನ ಎಂಟಿಟಿ ಹಾಕೋ ಮುಂಚೆನೇ ಮೈಕ್ರೋಸ್ಕೋಪ್ ಕೆಳಗಿಟ್ವಿ. ಕೊನೇ ಸಾಲಲ್ಲಿ ತಳಕ್ಕೆ ಅಂಟಿರೋ ಸೆಲ್ಲೇ ಇಲ್ಲ, ಎಲ್ಲ ಗುಂಡಗಾಗಿ ಮೇಲೆ ತೇಲ್ತಿವೆ. ಆಮೇಲೆ ಸೆಲ್ಲೇ ಹಾಕದ ವೆಲ್‌ಗಳಿಗೆ ಬರೀ ಮೀಡಿಯಂ, ರಸ, ಕಣ ಬೇರೆ ಬೇರೆ ಹಾಕಿ ಎಂಟಿಟಿ ಕೊಟ್ವಿ. ರಸದ ವೆಲ್ ಕಣ್ಣಿಗೇ ಕಾಣೋ ಹಾಗೆ ನೇರಳೆ ಆಯ್ತು, ಯಾಕಂದ್ರೆ ಸೊಪ್ಪಿನಲ್ಲಿರೋ ವಿಟಮಿನ್ ಸಿ, ಪಾಲಿಫಿನಾಲ್ ಇವೆಲ್ಲ ಸೆಲ್ಲಿನ ಹಂಗಿಲ್ಲದೆನೇ ಎಂಟಿಟಿನ ನೇರಳೆ ಮಾಡ್ತವೆ. ಕಣಗಳಂತೂ ಮೀಡಿಯಮ್ಮಿನ ಉಪ್ಪಿಗೆ ಒಂದಕ್ಕೊಂದು ಅಂಟಿ ಗುಂಪಾಗಿ ತಾವೇ 570ರಲ್ಲಿ ಬೆಳಕು ತಡೀತವೆ. ಕೆಲವು ನ್ಯಾನೋ ವಸ್ತುಗಳು ಇದಕ್ಕೆ ಪೂರ್ತಿ ಉಲ್ಟಾ, ಕಾರ್ಬನ್ ನ್ಯಾನೋಟ್ಯೂಬ್ ಫಾರ್ಮಜಾನನ್ನೇ ಹಿಡ್ಕೊಂಡುಬಿಡುತ್ತೆ, ಆಗ ಬದುಕಿರೋ ಸೆಲ್ಲೂ ಸತ್ತ ಹಾಗೆ ಕಾಣುತ್ತೆ.

ಆವತ್ತಿಂದ ನಮ್ಮಲ್ಲಿ ಪ್ರತಿ ಪ್ಲೇಟಲ್ಲೂ ಸೆಲ್ ಇಲ್ಲದ ಸಾಲು ಇದ್ದೇ ಇರುತ್ತೆ. ರಸ ಮಾತ್ರ ಹಾಕಿದ ಸಾಲು, ಸಿಲ್ವರ್ ನೈಟ್ರೇಟ್ ಮಾತ್ರ ಹಾಕಿದ ಸಾಲು, ಕಣಗಳನ್ನ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಮಾತ್ರ ಹಾಕಿದ ಸಾಲೂ ಬೇಕು, ಯಾಕಂದ್ರೆ ಕೊಂದಿದ್ದು ಕಣಾನಾ ಅಥವಾ ಅದರಿಂದ ಬಿಟ್ಕೊಂಡ ಬೆಳ್ಳಿ ಅಯಾನಾ ಅಂತ ಗೊತ್ತಾಗಬೇಕಲ್ಲ. ಇದರ ಮೇಲೆ, ಸತ್ತ ಸೆಲ್ಲಿಗೆ ಮಾತ್ರ ಹತ್ತೋ ನೀಲಿ ಬಣ್ಣ ಟ್ರಿಪಾನ್ ಬ್ಲೂ ಹಾಕಿ ಕೈಯಲ್ಲೇ ಸೆಲ್ ಎಣಿಸ್ತೀವಿ. ಹಳೇ ವಿಧಾನ, ಕಣ್ಣು ನೋಯುತ್ತೆ, ಆದ್ರೂ ನನಗೆ ಅದರ ಮೇಲೆ ಜಾಸ್ತಿ ನಂಬಿಕೆ.

ಪ್ರೋಟೀನ್ ಕಡೆ ಬಂದ್ರೂ ಇದೇ ಕಥೆ. 1951ರ ಲೌರಿ ವಿಧಾನದಲ್ಲಿ ಪ್ರೋಟೀನ್ ಅಳೆಯೋಕೆ ಹಾಕೋ ಫೋಲಿನ್ ದ್ರಾವಣ ಇದೆಯಲ್ಲ, ಪಕ್ಕದ ಬೆಂಚಲ್ಲಿ ಸಸ್ಯದ ಪಾಲಿಫಿನಾಲ್ ಅಳೆಯೋಕೂ ಅದನ್ನೇ ಹಾಕ್ತಾರೆ! ಹಂಗಿದ್ಮೇಲೆ ಹಸಿ ಸೊಪ್ಪಿನ ರಸಕ್ಕೆ ನೇರವಾಗಿ ಲೌರಿ ಮಾಡಿ ಇಷ್ಟು ಪ್ರೋಟೀನ್ ಇದೆ ಅಂತ ಹೇಗೆ ಹೇಳೋದು? ಪ್ರೋಟೀನಿಗೆ ಅಂಟೋ ಬಣ್ಣದಿಂದ ಅಳೆಯೋ 1976ರ ಬ್ರಾಡ್‌ಫೋರ್ಡ್ ಸ್ವಲ್ಪ ವಾಸಿ, ಆದ್ರೂ ಪಾಲಿಫಿನಾಲ್ ಜಾಸ್ತಿ ಇದ್ರೆ ಅದೂ ಕೈ ಕೊಡುತ್ತೆ. ಅದಕ್ಕೆ ಸೊಪ್ಪು ಅರೆಯುವಾಗಲೇ ಪಿವಿಪಿಪಿ ಪುಡಿ ಸೇರಿಸ್ತೀವಿ, ಅದು ಪಾಲಿಫಿನಾಲ್ ಹಿಡ್ಕೊಳ್ಳುತ್ತೆ. ಆಮೇಲೆ ಟಿಸಿಎ ಅನ್ನೋ ಆಮ್ಲ ಮತ್ತು ಅಸಿಟೋನ್ ಹಾಕಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟು ಪ್ರೋಟೀನ್ ಕೆಳಗಿಳಿಸ್ತೀವಿ. ತಳದಲ್ಲಿ ಕೂತ ಪೆಲೆಟ್ ಕಂದು ಅಥವಾ ಹಸಿರು ಇದ್ರೆ ಇನ್ನೊಂದ್ಸಲ ತಣ್ಣನೆ ಅಸಿಟೋನಲ್ಲಿ ತೊಳೀಬೇಕು, ಬೆಳ್ಳಗಾಗೋ ತನಕ.

ಅಳತೆ ಮಾಡಿದ್ದು ಒಂದು, ಹೇಳಿದ್ದು ಇನ್ನೊಂದು ಆದ್ರೆ ಲ್ಯಾಬ್ ಹೊರಗೆ ಏನಾಗುತ್ತೆ ಅಂತ 2008ರಲ್ಲಿ ಚೀನಾದಲ್ಲಿ ನೋಡಿದೀವಿ. ಹಾಲಿನ ಪ್ರೋಟೀನನ್ನ ನೈಟ್ರೋಜನ್ ಅಳೆದು ಲೆಕ್ಕ ಹಾಕ್ತಿದ್ರು, ತೂಕದಲ್ಲಿ ಸುಮಾರು 66 ಶೇಕಡ ನೈಟ್ರೋಜನ್ನೇ ಇರೋ ಮೆಲಮೈನ್ ಬೆರೆಸಿ ಆ ಲೆಕ್ಕಕ್ಕೆ ಮೋಸ ಮಾಡಿದ್ರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ರು, ಆರು ಕೂಸುಗಳು ಸತ್ತೋದ್ವು. ಇದನ್ನ ಪ್ರತಿ ಬ್ಯಾಚ್‌ಗೂ ಹೇಳ್ತೀನಿ.

ನಮ್ಮ ಕೆಲಸ ಗೊತ್ತಿರೋ ನೆಂಟರು ಫೋನ್ ಮಾಡಿ, ನುಗ್ಗೆ ಸೊಪ್ಪಿನ ರಸ ಕುಡಿದ್ರೆ ಗಡ್ಡೆ ಕರಗುತ್ತಂತೆ ಹೌದಾ ಅಂತ ಕೇಳ್ತಾರೆ. ಪ್ಲೇಟಲ್ಲಿ ಸೆಲ್ ಸತ್ರೆ ಅದು ಔಷಧ ಆಗಲ್ಲ, ಕೀಮೋ ಒಂದು ದಿನಾನೂ ತಪ್ಪಿಸಬೇಡಿ ಅಂತ ಬಿಡಿಸಿ ಹೇಳ್ತೀನಿ. ಹತ್ತು ವರ್ಷದ ಪೇಪರ್‌ಗಳನ್ನೆಲ್ಲ ಒಟ್ಟು ಹಾಕಿ 2016ರಲ್ಲಿ ನೋಡಿದಾಗ, ಪ್ರಾಣಿಗಳಿಗೆ ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಮಧ್ಯಾಂಕ (ಮೀಡಿಯನ್) ಲೆಕ್ಕದಲ್ಲಿ 0.7 ಶೇಕಡ ಮಾತ್ರ. ಹಂಗಂತ ನಾನೇನೂ ಆಸೆ ಬಿಟ್ಟಿಲ್ಲ. ನ್ಯಾನೋಕಣದಲ್ಲಿ ಕೊಡೋ ಕ್ಯಾನ್ಸರ್ ಔಷಧಗಳು ಈಗಾಗಲೇ ಇವೆ, 1995ರಲ್ಲಿ ಡಾಕ್ಸಿಲ್, 2005ರಲ್ಲಿ ಆಲ್ಬುಮಿನ್ ಪ್ರೋಟೀನ್ ಸುತ್ತಿದ ಅಬ್ರಾಕ್ಸೇನ್ ಅಮೆರಿಕದಲ್ಲಿ ಒಪ್ಪಿಗೆ ಪಡ್ಕೊಂಡು ರೋಗಿಗಳಿಗೆ ಸಿಕ್ಕಿವೆ, ಕಣದ ಮೇಲೆ ಯಾವ ಪ್ರೋಟೀನ್ ಕೂತಿದೆ ಅನ್ನೋದನ್ನ ನಾವು ಇಷ್ಟು ಹಚ್ಕೊಂಡು ನೋಡೋದೂ ಅದಕ್ಕೇ.

ಸದ್ಯಕ್ಕೆ ಕುದಿಸದೆ ತಣ್ಣಗೆ ತೆಗೆದ ರಸದಿಂದ ಮಾಡಿದ ಕಣಗಳನ್ನ ಚೆನ್ನಾಗಿ ತೊಳೆದು, ಪ್ರೋಟೀನ್ ಬಿಡಿಸೋ ಸೋಪಿನಂಥ ಎಸ್‌ಡಿಎಸ್ ಜೊತೆ ಕುದಿಸಿ, ಪ್ರೋಟೀನುಗಳನ್ನ ಗಾತ್ರದ ಪ್ರಕಾರ ಬೇರೆ ಮಾಡೋ ಜೆಲ್ ಓಡಿಸಿದೀವಿ. 55 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ರ ಒಂದು ದಪ್ಪ ಬ್ಯಾಂಡು, 15ರ ಹತ್ರ ಇನ್ನೊಂದು. ಹುಡುಗರಿಗೆ ಹೊಸ ಪ್ರೋಟೀನ್ ಸಿಕ್ತು ಅಂತ ಖುಷಿ. ಆದ್ರೆ ಎಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ರೂಬಿಸ್ಕೋ ಅನ್ನೋ ಪ್ರೋಟೀನಿನ ದೊಡ್ಡ ತುಂಡು, ಸಣ್ಣ ತುಂಡು ಬರೋದೂ ಸರಿಯಾಗಿ ಅದೇ ಜಾಗದಲ್ಲಿ, ಹಾಗಾಗಿ ಬ್ಯಾಂಡ್ ಕತ್ತರಿಸಿ, ಪ್ರೋಟೀನ್ ಯಾವುದು ಅಂತ ಗುರುತಿಸೋ ಮಾಸ್ ಸ್ಪೆಕ್‌ಗೆ ಕಳಿಸಿದೀವಿ. ರಿಪೋರ್ಟ್ ಬರೋ ತನಕ ಯಾರೂ ಪೋಸ್ಟರ್‌ಗೆ ಹೆಸರು ಬರೀಬೇಡಿ ಅಂದಿದೀನಿ.