ಕೊಡಗಿನಿಂದ ರಾಕ್ ಶೋಗೆ ಹೊರಟಿದ್ದೀರಾ? ಮೊದಲು ವಾಪಸ್ ಬಸ್ ನೋಡಿ

ಕಾಫಿ ಕೊಯ್ಲು, ಬೆಂಗಳೂರಿನ ದೊಡ್ಡ ರಾಕ್ ಶೋಗಳು ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ನಮ್ಮ ಮೊದಲ ತಲೆನೋವೇ ಇದು. ಮಳೆ ನಿಂತ ಮೇಲೆ ಬ್ಯಾಂಡ್‌ಗಳು ಬರಲು ಶುರುವಾಗುತ್ತವೆ. ಅದೇ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕಣದಲ್ಲಿ ಕಾಫಿ ಹರಡಿರುವಾಗ "ಮೂರು ದಿನ ಶೋಗೆ ಹೋಗಿ ಬರ್ತೇನೆ" ಅಂದರೆ ಮನೆಯಲ್ಲಿ ಒಪ್ಪುತ್ತಾರಾ? ಹಾಗಾಗಿ ತೋಟದವರು ಬೆಳಿಗ್ಗೆ ಹೊರಟು, ಸಂಜೆ ಶೋ ನೋಡಿ, ರಾತ್ರಿ ಬಸ್ಸಿಗೇ ವಾಪಸ್ಸಾಗಬೇಕು. ಹಾಗೆ ಹೋಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಟಿಕೆಟ್ ಮಾರಾಟ ಶುರುವಾಗುವ ದಿನ ತೋಟದ ಮನೆಯಲ್ಲಿ ಕೂರಬೇಡಿ. ಒಂದು ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಕೂಡ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಸ್ನೇಹಿತರ ಮನೆಯಲ್ಲಿ ಕೂತು ಟಿಕೆಟ್ ಕೊಳ್ಳಿ. ಆದರೆ ಅದಕ್ಕಿಂತ ಮೊದಲು ವಾಪಸ್ ಬಸ್ಸಿನ ಸೀಟು ಇದೆಯಾ ಅಂತ ನೋಡಿ. ಶನಿವಾರ, ಭಾನುವಾರ ಪ್ರವಾಸಿಗರ ಓಡಾಟವೂ ಜಾಸ್ತಿ.

ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಹಾಗಾಗಿ ಶೋಗಳು ಸಾಮಾನ್ಯವಾಗಿ ಆ ಹೊತ್ತಿಗೇ ಮುಗಿಯುತ್ತವೆ. ಹಾಗಂತ ಹತ್ತೂವರೆ ಬಸ್ಸಿಗೆ ಸೀಟು ಹಿಡಿದರೆ ಕೊನೆಯ ಹಾಡು ಬಿಟ್ಟು ಓಡಬೇಕಾಗುತ್ತದೆ. ಗೇಟಿನಿಂದ ಹೊರಗೆ ಬರಲಿಕ್ಕೇ ಅರ್ಧ ಗಂಟೆ ಬೇಕು. ಹನ್ನೊಂದೂವರೆ ಮೇಲಿನ ಬಸ್ಸೇ ಸರಿ.

ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಬಸ್ಸಿಗೆ ಆರು ಗಂಟೆಯಾದರೂ ಇಟ್ಟುಕೊಳ್ಳಿ. ಹೋಗುವಾಗ ಮೈಸೂರಿನಿಂದ ರೈಲು ಹಿಡಿದರೂ ಆಗುತ್ತದೆ. ಬೈಕಿನಲ್ಲಿ ಹೊರಡುವ ಹುಡುಗರಿಗೆ ಒಂದು ಮಾತು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಸಮಯ ಜಾಸ್ತಿ ಹಿಡಿಯುತ್ತದೆ. ಸ್ವಂತ ಕಾರಿನಲ್ಲಿ ನಡುರಾತ್ರಿ ಆನೆಚೌಕೂರು, ತಿತಿಮತಿ ದಾರಿಯಲ್ಲಿ ಮರಳುವುದು ನನಗಂತೂ ಬೇಡ. ಆನೆ ರಸ್ತೆಗೆ ಬಂದರೆ ಯಾವ ಬ್ಯಾಂಡಿನ ಟೀ ಶರ್ಟ್ ಹಾಕಿದ್ದೀರಿ ಅಂತ ನೋಡುವುದಿಲ್ಲ.

ಮೈದಾನ ಎಲ್ಲಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಹಿಂದೆ ಎಲ್ಲವೂ ಬೆಂಗಳೂರಿನ ಅರಮನೆ ಮೈದಾನದಲ್ಲೇ ಅನ್ನುವಂತಿತ್ತು. ಈಗ ಕೆಲವು ದೊಡ್ಡ ಶೋಗಳು ತುಮಕೂರು ರಸ್ತೆಯ ಮಾದಾವರ ಕಡೆ ಆಗುತ್ತಿವೆ. ಅಲ್ಲಿಗೆ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಇದೆ, ಮೆಜೆಸ್ಟಿಕ್‌ಗೆ ನೇರ ಬರಬಹುದು. ಶೋ ಬಿಟ್ಟ ಹೊತ್ತಿನಲ್ಲಿ ಆಟೊ, ಟ್ಯಾಕ್ಸಿ ನಂಬಿಕೊಂಡರೆ ಬಸ್ ತಪ್ಪಿದ ಹಾಗೆಯೇ.

ಇನ್ನು ನಿಲ್ಲುವ ಜಾಗ. ದುಬಾರಿ ಟಿಕೆಟ್ ಕೊಂಡು ಸ್ಟೇಜಿನ ಮುಂದಿನ ಬ್ಯಾರಿಕೇಡಿಗೆ ಅಂಟಿಕೊಳ್ಳಬೇಕು ಅನ್ನುವುದು ಎಲ್ಲರ ಆಸೆ. ಆರು ಗಂಟೆ ಬಸ್ಸಿನಲ್ಲಿ ಕೂತು ಬಂದವರಿಗೆ ಅದು ಬೇಡ ಅನ್ನುತ್ತೇನೆ. ಒಮ್ಮೆ ಜಾಗ ಬಿಟ್ಟರೆ ಮತ್ತೆ ಸಿಗುವುದಿಲ್ಲ. ನೀರಿಗೂ ಇಲ್ಲ, ಶೌಚಾಲಯಕ್ಕೂ ಇಲ್ಲ. ಮೈದಾನದ ನಡುವೆ ಸೌಂಡ್ ಇಂಜಿನಿಯರ್ ಕೂರುವ ಗುಡಾರ ಇರುತ್ತದೆ, ಅದರ ಹತ್ತಿರ ನಿಲ್ಲಿ. ಸೌಂಡ್ ಹೊಂದಿಸುವುದೇ ಅಲ್ಲಿ ಕೇಳಿಸುವುದನ್ನು ನೋಡಿಕೊಂಡು. ಬೇಸ್ ಗಿಟಾರ್ ಬೇರೆ, ಡ್ರಮ್ಸ್ ಬೇರೆ ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ಒರಗಿಕೊಳ್ಳಲು ಕಂಬಿಯೂ ಇರುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಅಂತೀರಾ? 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಿತ್ತು. ಭಾರತದಲ್ಲಿ ಅವರ ಮೊದಲ ಶೋ ಗುರುಗ್ರಾಮದಲ್ಲಿ ಆಗಬೇಕಿತ್ತು. ಅದು ರದ್ದಾಗಿ ಬೆಂಗಳೂರೇ ಮೊದಲನೆಯದಾಯಿತು. ಇಲ್ಲೂ ರದ್ದಾದರೆ ಏನು ಗತಿ ಅಂತ ನಾವು ಹೋದ ಬಸ್ಸಿನುದ್ದಕ್ಕೂ ಅದೇ ಮಾತು. ಮೈದಾನದಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ನಡುವೆ ಗಿಟಾರ್ ಮೆತ್ತಗಾಗುತ್ತದಲ್ಲ, ಅಲ್ಲಿ ಹಾಡಲು ಪದಗಳೇ ಇಲ್ಲ. ಜನ ಗಿಟಾರನ್ನೇ ಹಾಡಿದರು! ಪಕ್ಕದಲ್ಲಿದ್ದವನು ಯಾರೋ ಏನೋ, ನನ್ನ ಹೆಗಲ ಮೇಲೆ ಕೈ ಹಾಕಿ ಕಣ್ಣು ಮುಚ್ಚಿ ಹಾಡುತ್ತಿದ್ದ. ಮನೆಯಲ್ಲಿ ಹೆಡ್‌ಫೋನ್ ಹಾಕಿ ನೂರು ಸಲ ಕೇಳಿದರೂ ಇದು ಸಿಗುವುದಿಲ್ಲ.

ಗೋಣಿಕೊಪ್ಪದ ನಮ್ಮಣ್ಣ ಇದನ್ನು ಒಪ್ಪುವುದಿಲ್ಲ. ಅವನ ಪ್ರಕಾರ 2007ರ ಮಾರ್ಚ್ 17ರ ಐರನ್ ಮೇಡನ್ ಶೋ ನೋಡದವರು ಏನೂ ನೋಡಿಲ್ಲ. ಆಗ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಸ್ಪ್ರಿಂಕ್ಲರ್ ಓಡಿಸುವ ದಿನಗಳು. ಇಂಜಿನ್ ನೋಡಿಕೊಳ್ಳಲು ಬಾವನನ್ನು ಒಪ್ಪಿಸಿ ಹೋಗಿದ್ದನಂತೆ. "ನಿಂದು ಮೆಟಾಲಿಕಾ ಸರಿ ಮಾರಾಯ, ಆದ್ರೆ ಡಿಕಿನ್ಸನ್ ಸ್ಟೇಜ್ ಮೇಲೆ ಓಡೋದನ್ನ ನೋಡ್ಬೇಕಿತ್ತು ನೀನು" ಅಂತ ಈಗಲೂ ಹೇಳುತ್ತಾನೆ. ಡಿಕಿನ್ಸನ್ ಅಂದರೆ ಐರನ್ ಮೇಡನ್‌ನ ಹಾಡುಗಾರ. ಈ ಜಗಳ ಮುಗಿಯುವುದಲ್ಲ ಬಿಡಿ.

ಹೊರಗಿನ ಬ್ಯಾಂಡೇ ಆಗಬೇಕು ಅಂತೇನೂ ಇಲ್ಲ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ನುಡಿಸುತ್ತಿದೆ. ಇಂಥವರ ಶೋ ಚಿಕ್ಕ ಜಾಗದಲ್ಲಾದರೆ ಗಿಟಾರಿನ ಮೇಲೆ ಬೆರಳು ಓಡುವುದೂ ಕಾಣುತ್ತದೆ.

ಚೀಲ ಚಿಕ್ಕದಿರಲಿ. ಮನೆಯ ಅಕ್ಕಿರೊಟ್ಟಿ ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೇ ತಿಂದು ಮುಗಿಸಿ. ಜನ ತುಂಬಿದ ಮೇಲೆ ಫೋನ್ ಸಿಗುವುದಿಲ್ಲ. ಟಿಕೆಟ್ ಮೊದಲೇ ಫೋನಿನಲ್ಲಿ ಇಳಿಸಿಕೊಂಡಿರಿ, ಜೊತೆಯವರಿಗೆ ಸೇರುವ ಜಾಗ ಹೇಳಿಡಿ. ಕಿವಿಗೆ ಹಾಕುವ ಇಯರ್‌ಪ್ಲಗ್ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ನಗುವವರು ನಗಲಿ, ಮರುದಿನ ಕಿವಿ ಗುಂಯ್‌ಗುಟ್ಟುವುದು ಅವರಿಗೇ. ಇನ್ನು ಸುಂಟಿಕೊಪ್ಪದಲ್ಲಿ ಇಳಿಯುವವರು ಬಸ್ ಹತ್ತುವಾಗಲೇ ಕಂಡಕ್ಟರ್‌ಗೆ ಎಬ್ಬಿಸಲು ಹೇಳಿ. ಇಲ್ಲದಿದ್ದರೆ ಎಚ್ಚರವಾಗುವುದು ಮಡಿಕೇರಿಯಲ್ಲೇ.