ಯಾರ ಜೋಡಿ ಹತ್ತಿದ್ರಿ?

ಎನ್‌ಎಸ್‌ಎಸ್ ಶಿಬಿರ ಅಂದರೆ ನನಗೆ ಇವತ್ತಿಗೂ ಕಣ್ಮುಂದೆ ಬರುವುದು ಸವದತ್ತಿಯ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೆ ಬಂದವರಿಗೆ ನೀರು ಕೊಡುವುದು, ಜಾತ್ರೆ ಕರಗಿದ ಮೇಲೆ ಪ್ಲಾಸ್ಟಿಕ್ ಆರಿಸುವುದು ನಮ್ಮ ಕೆಲಸ. ಜೋಗುಳಬಾವಿಯಿಂದ ಮೇಲೆ ಹೋಗುವಾಗ ನಾವು ಹುಡುಗರು ಓಡುತ್ತಿದ್ದೆವು. ನಮ್ಮ ಕನ್ನಡ ಸರ್ ಮಾತ್ರ ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಟ್ಟು, ಯಾವುದೋ ಅಜ್ಜಿಯ ಗಂಟು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಸಂಜೆ ಎಲ್ಲರನ್ನೂ ಕೂರಿಸಿ ಕೇಳುತ್ತಿದ್ದುದು ಒಂದೇ. "ಮ್ಯಾಲೆ ಏನ್ ನೋಡಿದ್ರಿ ಅಂತ ನಾ ಕೇಳೂದಿಲ್ಲ. ಯಾರ ಜೋಡಿ ಹತ್ತಿದ್ರಿ, ಅದನ್ನ ಹೇಳ್ರಿ."

ಮೊದಲ ದಿನ ನಾನು ಸುಮ್ಮನೆ ತಲೆ ತಗ್ಗಿಸಿದೆ. ಮರುದಿನ ರಾಯಬಾಗದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ ಮುದುಕರೊಬ್ಬರ ಜೊತೆ ಹತ್ತಿದೆ. ಇಳಿಯುವ ಹೊತ್ತಿಗೆ ಅವರ ಎತ್ತುಗಳ ಹೆಸರು, ಹರಕೆಯ ಕಾರಣ ಎರಡೂ ನನಗೆ ಗೊತ್ತಿತ್ತು.

2017ರಲ್ಲಿ ನಾನು ಐರ್ಲೆಂಡಿನ ಗಾಲ್ವೇಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಜುಲೈ ತಿಂಗಳ ಕೊನೆಯ ರವಿವಾರ ಆ ಸೀಮೆಯ ದೊಡ್ಡ ಯಾತ್ರೆ. ಮೇಯೋ ಜಿಲ್ಲೆಯ ಕ್ರೋ ಪ್ಯಾಟ್ರಿಕ್ ಎಂಬ 764 ಮೀಟರ್ ಎತ್ತರದ ಗುಡ್ಡವನ್ನು ಸಾವಿರಾರು ಜನ ಹತ್ತುತ್ತಾರೆ. ಕ್ರಿ.ಶ. 441ರಲ್ಲಿ ಸಂತ ಪ್ಯಾಟ್ರಿಕ್ ಇದರ ತುದಿಯಲ್ಲಿ 40 ದಿನ ಉಪವಾಸ ಕೂತಿದ್ದರಂತೆ, ಅಲ್ಲಿಂದಲೇ ನಾಡಿನ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದರಂತೆ. ಆ ವಾರವೇ ನಮ್ಮ ಪಂಚಮಿ. ಊರಲ್ಲಿ ಅವ್ವ ನಾಗಪ್ಪನಿಗೆ ಹಾಲೆರೆದಿದ್ದಳು, ನಾನು ಹಾವು ಓಡಿಸಿದ ಗುಡ್ಡಕ್ಕೆ ಹೊರಟಿದ್ದೆ. ಬ್ಯಾಗಿನಲ್ಲಿ ಅವಳೇ ಗೆಳೆಯನ ಕೈಲಿ ಕಳಿಸಿದ್ದ ಶೇಂಗಾ ಉಂಡಿ.

ಬುಡದ ಮರಿಸ್ಕ್ ಊರಲ್ಲಿ ಕೋಲು ಮಾರುತ್ತಿದ್ದರು. ನಾನು ಕೊಳ್ಳದೆ ಮುಂದೆ ನಡೆದೆ. ಅರ್ಧ ದಾರಿ ಸಲೀಸು. ಕೊನೆಯ ಏರು ಮಾತ್ರ ಬೇರೆಯೇ, ಖಡಿ ಲಾರಿ ಬೋರಲು ಹಾಕಿದಂತೆ ಬರೀ ಸಡಿಲ ಕಲ್ಲು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತದೆ. ಅಲ್ಲಿ ನಾನು ಮೊಣಕಾಲೂರಿ ಬಿದ್ದೆ. ಎದುರಿಗೆ ಕಂಡಿದ್ದು ಎರಡು ಬರಿಗಾಲು. ಚಳಿಗೆ ನೀಲಿಗಟ್ಟಿದ ಬೆರಳು, ಹಿಮ್ಮಡಿಯಲ್ಲಿ ರಕ್ತ, ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ಎಪ್ಪತ್ತು ದಾಟಿದ ರೈತರೊಬ್ಬರು ಮಾತಿಲ್ಲದೆ ತಮ್ಮ ಕೋಲಿನ ತುದಿ ನನ್ನ ಕಡೆ ಚಾಚಿದರು.

ಅಲ್ಲಿಂದ ನಾನು ಮುಂದೆ ಓಡಲಿಲ್ಲ. ಕೆಳಗೆ ಬೆನನ್ ಸಂತನ ಕಲ್ಲುಗುಪ್ಪೆಗೆ ಎಲ್ಲರೂ 7 ಸುತ್ತು ಹಾಕುತ್ತಿದ್ದರಲ್ಲ, ಯಾಕೆ ಎಂದು ಕೇಳಿದೆ. ಅದು ಹಿರಿಯರಿಂದ ಬಂದದ್ದು ಎಂದರು. ಏಳು ಕೊಳ್ಳದ ಅವ್ವ ಯಲ್ಲಮ್ಮನ ಕಡೆಯವನು ನಾನು, ನನಗೆ ಆ ಉತ್ತರ ಸಾಕಾಗಿತ್ತು. ಪ್ಯಾಟ್ರಿಕ್ ಬರುವ ಮೊದಲೂ ಇದು ಸುಗ್ಗಿಯ ಗುಡ್ಡವೇ ಆಗಿತ್ತು ಎಂದೂ ಹೇಳಿದರು. ತುದಿಯಲ್ಲಿ 1905ರಲ್ಲಿ ಕಟ್ಟಿದ ಚಿಕ್ಕ ಬಿಳಿ ಪ್ರಾರ್ಥನಾ ಮಂದಿರವಿದೆ. ಅದಕ್ಕೆ 15 ಪ್ರದಕ್ಷಿಣೆ. ನಮ್ಮಲ್ಲಿಯ "ಉಧೋ ಉಧೋ" ಇಲ್ಲ, ಭಂಡಾರವಿಲ್ಲ, ಜಪಮಾಲೆ ಹಿಡಿದು ತುಟಿಯಲ್ಲೇ ಪ್ರಾರ್ಥನೆ. ನಾನೂ ಬೂಟು ಕಳಚಿ ಅವರ ಹಿಂದೆ 15 ಸುತ್ತು ಹಾಕಿದೆ. ಅಂಗಾಲು ಉರಿಯುತ್ತಿದ್ದಾಗ ಸರ್ ಅವರ ಧೂಳು ಮೆತ್ತಿದ ಪಾದ ನೆನಪಾಗಿ ಗಂಟಲು ಕಟ್ಟಿತು.

ಆಮೇಲೆ ಗೋಡೆಗೆ ಒರಗಿ ಕೂತು ಇಬ್ಬರೂ ಉಂಡಿ ತಿಂದೆವು. ಅವರು ಬೆಲ್ಲದ ರುಚಿಗೆ ಕಣ್ಣು ಮುಚ್ಚಿ, ಎರಡನೆಯದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು, ಹೆಂಡತಿಗೆ. ನಿಮ್ಮ ಹೊಲದಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದರು. ಜೋಳ, ಕಡಲೆ ಎಂದೆ, ಮಳೆ ಕೈಕೊಟ್ಟ ವರ್ಷಗಳನ್ನೂ ಹೇಳಿದೆ. ಅವರದು ಕುರಿಗಳು. ಚಳಿಗಾಲಕ್ಕೆಂದು ಕೊಯ್ದ ಹುಲ್ಲು ಹೊಲದಲ್ಲೇ ಬಿದ್ದಿತ್ತು, ಒಣಗಿಸಲು ಮಳೆ ಬಿಡುತ್ತಿರಲಿಲ್ಲ. ಅದಕ್ಕೇ ಈ ಸಲ ಹತ್ತಿ ಬಂದೆ ಎಂದರು.

ಸೋಮವಾರ ಬೆಳಗಾವಿಗೆ ಫೋನ್ ಹಚ್ಚಿದೆ. ಆಗ ಸರ್ ನಿವೃತ್ತರಾಗಿದ್ದರು, ಧ್ವನಿ ಸ್ವಲ್ಪ ಸಣ್ಣಗಾಗಿತ್ತು. ಗುಡ್ಡದ ಎತ್ತರ, ಕೆಳಗಿನ ಕ್ಲೂ ಕೊಲ್ಲಿಯಲ್ಲಿ ವರ್ಷದ ದಿನಕ್ಕೊಂದರಂತೆ 365 ದ್ವೀಪಗಳಿವೆ ಎಂಬ ಜನರ ಮಾತು, ಎಲ್ಲ ಹೇಳತೊಡಗಿದೆ.

"ಅದಿರ್ಲೆಪಾ. ಯಾರ ಜೋಡಿ ಹತ್ತಿದಿ?"

ಎಲ್ಲವನ್ನೂ ಹೇಳಿದೆ, ಕೋಲಿನಿಂದ ಕರವಸ್ತ್ರದ ಉಂಡಿವರೆಗೆ. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಮತ್ತ ಅವರ ಹುಲ್ಲು ಒಣಗಿತಂತೇನು?"

ನಾನು ಅವರ ಫೋನ್ ನಂಬರ್ ತಗೊಂಡಿರಲಿಲ್ಲ.