ಕುಯ್ಯೋದು ಬೇರೆ, ಹೆಕ್ಕೋದು ಬೇರೆ

ಕಳೆದ ಜನವರಿ ಮಾತು. ಕೊಡಗಿನ ಸಿದ್ದಾಪುರದ ಹತ್ರ ಒಂದು ಕಾಫಿ ತೋಟದ ಹೋಂಸ್ಟೇಲಿ ಕೆಲಸಕ್ಕಿದ್ದೆ, ರೋಬಸ್ಟಾ ಕಾಫಿ ಕುಯ್ಲು ಜೋರಾಗಿ ನಡೀತಿತ್ತು. ಇಂಗ್ಲೆಂಡಿಂದ ಬಂದಿದ್ದ ವಯಸ್ಸಾದ ಗಂಡ ಹೆಂಡ್ತಿಗೆ ತೋಟ ತೋರ್ಸೋಕೆ ಹೋಗಿದ್ದೆ. ಗಿಡದ ಬುಡಕ್ಕೆ ಟಾರ್ಪಾಲ್ ಹಾಸಿ, ರೆಂಬೆ ಬಗ್ಗಿಸಿ ಹಣ್ಣು ಕುಯ್ತಾ ಇದ್ದ ಹೆಂಗಸರನ್ನ ತೋರಿಸಿ 'ದೇ ಆರ್ ಪಿಕಿಂಗ್ ಅಪ್ ಕಾಫಿ' ಅಂದೆ. ಆ ಅಮ್ಮ ಬಗ್ಗಿ ನೆಲ ನೋಡಿದ್ರು. ಕೆಳಗೆ ಬಿದ್ದಿರೋದನ್ನ ಯಾರೂ ಮುಟ್ತಾ ಇಲ್ವಲ್ಲ ಅಂತ ಕೇಳಿದ್ರು.

ಆಮೇಲೆ ಅವರೇ ಸಮಾಧಾನವಾಗಿ ಬಿಡಿಸಿ ಹೇಳಿದ್ರು, ಗಿಡದಿಂದ ಕಿತ್ರೆ ಬರೀ 'ಪಿಕ್', ನೆಲದಿಂದ ಎತ್ಕೊಂಡ್ರೆ 'ಪಿಕ್ ಅಪ್' ಅಂತ. ನಂಗೆ ತಕ್ಷಣ ಅನ್ಸಿದ್ದು, ಅಯ್ಯೋ ಇದು ನಮ್ಮಲ್ಲೂ ಇದ್ಯಲ್ಲ, ಗಿಡದಲ್ಲಿರೋದನ್ನ ಕುಯ್ತೀವಿ, ಉದುರಿದ್ದನ್ನ ಹೆಕ್ತೀವಿ, ತೋಟದಲ್ಲಿ ಯಾರೂ ಅದನ್ನ ಅದಲು ಬದಲು ಮಾಡಲ್ಲ. ಪಕ್ಕದಲ್ಲಿದ್ದ ಅಕ್ಕನ್ನ ಕೇಳಿದ್ರೆ 'ಕುಯ್ಯೋದು ಕೆಜಿ ಲೆಕ್ಕ, ಹೆಕ್ಕೋದು ದಿನದ ಕೂಲಿ, ಎರಡೂ ಒಂದೇ ಹೆಂಗಾಗುತ್ತೆ ಅಣ್ಣ' ಅಂದ್ರು.

ಅವತ್ತಿಂದ ಆ 'ಅಪ್' ಕಡೆ ಗಮನ ಹೋಯ್ತು. ಕೊಡಗಿಗೆ ರೈಲಿಲ್ಲ, ಮೈಸೂರು ಸ್ಟೇಷನ್ನಿಂದ ಅವರನ್ನ ಕರ್ಕೊಂಡು ಬಂದಿದ್ದು ನಾನೇ, ಅದು ಪಿಕ್ ಅಪ್. ಆ ಅಜ್ಜನಿಗೆ ಇಲ್ಲಿನ ಚಳಿಗೆ ಶೀತ ಹಿಡ್ದಿತ್ತು, ಅದೂ ಪಿಕ್ ಅಪ್. ಫೋನ್ ಎತ್ತೋದು, ಮಳೆ ನಿಂತ್ಮೇಲೆ ವ್ಯಾಪಾರ ಚೇತರಿಸ್ಕೊಳ್ಳೋದು, ಕ್ಲಾಸಿಗೆ ಹೋಗದೆ ಕೇಳಿ ಕೇಳಿ ಭಾಷೆ ಕಲಿಯೋದು ಎಲ್ಲ ಅದೇ. ಗಾಳಿ ಪಿಕ್ ಅಪ್ ಆಯ್ತು ಅಂದ್ರೆ ಜೋರಾಯ್ತು ಅಂತ, ನಾನು ಇಷ್ಟು ದಿನ ನಿಂತೋಯ್ತು ಅಂತಾನೇ ತಿಳ್ಕೊಂಡಿದ್ದೆ. ಮೊದಲು ಇದನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಹೊಡೀತಿದ್ದೆ, ಒಂದೂ ನಿಲ್ತಿರ್ಲಿಲ್ಲ. ಈಗ ನಮ್ಮ ಮಾತಿನ ಪಕ್ಕ ಇಟ್ಟು ನೋಡ್ತೀನಿ. ಎತ್ತಿಹಿಡಿ ಅಂದ್ರೆ ಒಳ್ಳೇದು, ಎತ್ತಿಕಟ್ಟು ಅಂದ್ರೆ ಜಗಳ ಹಚ್ಚೋದು. ಹೇಳಿಕೊಡೋದು ಬೇರೆ, ಹೇಳಿಕೊಳ್ಳೋದು ಬೇರೆ. ಬಾಲ ಬದಲಾದ್ರೆ ಅರ್ಥಾನೇ ಬದಲು, ನಾವು ದಿನಾ ಆಡೋ ಮಾತಲ್ಲೇ ಇದೆ, ಸ್ಕೂಲಲ್ಲಿ ಯಾರಾದ್ರೂ ಹೀಗೆ ತೋರ್ಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇನ್ನೊಂದು, 'ಇಟ್' ಬಂದ್ರೆ ಅದು ನಡುವೆನೇ ಕೂರ್ಬೇಕು, ಪಿಕ್ ಇಟ್ ಅಪ್. ಪಿಕ್ ಅಪ್ ಇಟ್ ಅಂತ ಬರಲ್ಲ.

ಅವತ್ತು ತೋಟದಲ್ಲೇ, ಉದುರಿದ ಹಣ್ಣನ್ನ ಯಾಕೆ ಹಾಗೇ ಬಿಡಬಾರ್ದು ಅಂತ ಆ ಅಮ್ಮ ಕೇಳಿದ್ರು. ಕಾಫಿ ಹಣ್ಣು ಕೊರೆಯೋ ಬೋರರ್ ಹುಳ ಅದರೊಳಗೇ ಉಳ್ಕೊಂಡು ಮುಂದಿನ ಫಸಲಿಗೆ ಹತ್ತುತ್ತೆ, ಅದಕ್ಕೆ ಕುಯ್ಲು ಮುಗಿದ್ಮೇಲೆ ನೆಲ ಪೂರ್ತಿ ಹೆಕ್ಕಿಸ್ತಾರೆ ಅಂದೆ. ವಾಪಸ್ ಬರ್ತಾ ದಾರೀಲಿ ಒಂದು ಹಣ್ಣು ಬಿದ್ದಿತ್ತು, ತುದೀಲಿ ಸೂಜಿ ಚುಚ್ಚಿದಂಗೆ ತೂತು. ಅವರು ನಿಂತು 'ಶುಡ್ ಐ ಪಿಕ್ ಇಟ್ ಅಪ್?' ಅಂದ್ರು. ಹಿಂದೆ ಮೂಟೆ ಹೊತ್ಕೊಂಡು ಬರ್ತಿದ್ದ ಅಕ್ಕನಿಗೆ ಇಂಗ್ಲಿಷ್ ಬರಲ್ಲ, ಅವರ ಬಗ್ಗಿದ ಕೈ ನೋಡಿ 'ಹೆಕ್ಕಿ ಅಮ್ಮ, ಹೆಕ್ಕಿ' ಅಂದ್ರು.